ಬೇಗ ತುಂಬುವ ಟ್ಯಾಂಕು

ಮೋಹನ್‌ರಾಜ್ ವ್ಯಾನಿನ ಬಾಗಿಲನ್ನು ತಟ್ಟಲಿಲ್ಲ, ಗುದ್ದಿದ.

“ತೆಗಿ. ಒಳಗ ಇನ್ಯಾರು ಅವ್ರೆ ನಾ ನೋಡ್ಬೇಕು.”

ದಿವಾಕರ್ ಬಾಗಿಲು ತೆರೆದು ಪಕ್ಕಕ್ಕೆ ಸರಿದ. ಒಳಗೆ ಒಂದು ಹಾಸಿಗೆ, ಒಂದು ಒಲೆ, ಒಂದು ತಟ್ಟೆ, ಮೂಲೆಯಲ್ಲಿ ಕಕ್ಕಸು. ಮೋಹನ್‌ರಾಜ್ ಹಾಸಿಗೆಯ ಅಡಿಗೂ ಬಗ್ಗಿ ನೋಡಿದ. ಸಿಕ್ಕಿದ್ದು ಒಂದು ಜೊತೆ ಚಪ್ಪಲಿ, ಅದೂ ಗಂಡಸಿನದು.

ದಿವಾಕರ್ ದಾವಣಗೆರೆಯ ಕಡೆಯವನು. ಬನಿಯನ್ ಹೆಣೆಯುವ ಯಂತ್ರಗಳ ರಿಪೇರಿ ಅವನ ಕಸುಬು. ಕೊಯಮತ್ತೂರು, ತಿರುಪ್ಪೂರು ಎಂದು ಗಿರಣಿಯಿಂದ ಗಿರಣಿಗೆ ಅಲೆದು, ಲಾಡ್ಜುಗಳಲ್ಲಿ ಮಲಗಿ ಬೇಸತ್ತು, ಕೊನೆಗೆ ವ್ಯಾನನ್ನೇ ಮನೆ ಮಾಡಿಕೊಂಡಿದ್ದ. ಮನೆಯೆಂದ ಮೇಲೆ ಹೊಲಸೂ ಇರುತ್ತದಲ್ಲ. ವ್ಯಾನಿನಡಿಯ ಟ್ಯಾಂಕು ತುಂಬಿದರೆ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು. ಅದನ್ನು ಖಾಲಿ ಮಾಡಲು ಕೊಯಮತ್ತೂರಿನಂಥ ದೊಡ್ಡ ಊರಿನಲ್ಲಿ ಒಂದು ಜಾಗವಿರಲಿಲ್ಲ. ಪೆಟ್ರೋಲ್ ಬಂಕಿನವರು ಅಟ್ಟಿದರು. ಗಿರಣಿಯವರು ಮೂಗು ಮುಚ್ಚಿಕೊಂಡು ಕೈಮುಗಿದರು.

ಊರಂಚಿನ ತುಡಿಯಲೂರಿನ ಬೀದಿಯಲ್ಲಿ ವ್ಯಾನ್ ನಿಲ್ಲಿಸಿಕೊಂಡು ಅವನು ಫೋನಿನಲ್ಲಿ ಯಾರಿಗೋ ಕನ್ನಡದಲ್ಲಿ ಈ ಗೋಳು ಹೇಳಿಕೊಳ್ಳುತ್ತಿದ್ದಾಗ ನಾಚಿಯಮ್ಮ ಗೇಟಿನ ಹೊರಗೆ ಬಂದಳು. ಅವಳ ಹಿತ್ತಿಲಲ್ಲಿ, ಗಂಡ ಗೋವಿಂದಸಾಮಿ ಆಳುಗಳನ್ನಿಟ್ಟು ಮಗ್ಗ ನಡೆಸುತ್ತಿದ್ದ ಕಾಲದ ದೊಡ್ಡ ಕಕ್ಕಸು ಗುಂಡಿಯಿತ್ತು.

“ಇಲ್ಲಿ ಬಿಡು ತಂಬಿ,” ಎಂದಳು. “ಇನ್ಯಾರು ಅವ್ರೆ ಇದನ್ನ ತುಂಬಾಕೆ?”

ಅವಳದೊಂದು ಕಟ್ಟಳೆಯಿತ್ತು. ಹೊಲಸು ಸುರಿದವನು ಟ್ಯಾಂಕಿನ ವಾಲ್ವು ಮುಚ್ಚಿ, ಕೈಕಾಲು ತೊಳೆದು, ಒಳಗೆ ಹೋಗಿ ಕಾಪಿ ಕುಡಿದೇ ಹೊರಡಬೇಕು. ಸುರಿದ ಜಾಗವನ್ನು ಮನೆಯ ಹೆಂಗಸೇ ತೊಳೆಯಬೇಕು. ನೆಂಟರ ಕೈಯಲ್ಲಿ ತೊಳೆಸಿದರೆ ಮನೆಗೆ ಒಳ್ಳೆಯದಲ್ಲ. ದಿವಾಕರ್ ಒಳಗೆ ಕುಳಿತು ಮುರುಕು ಕಡಿಯುತ್ತಿದ್ದರೆ ಹೊರಗೆ ನೀರಿನ ಸದ್ದು ನಿಲ್ಲುತ್ತಲೇ ಇರಲಿಲ್ಲ. ಬಹಳ ಚೊಕ್ಕಟದ ಹೆಂಗಸು ಎಂದುಕೊಳ್ಳುತ್ತಿದ್ದ. ಆಮೇಲೆ ಅವಳು ಸೀರೆಯ ಅಂಚು ಹಿಂಡಿಕೊಂಡು ಬಂದು ಎದುರಿಗೆ ಕೂರುವಳು. ಮಾತು ಶುರುವಾದರೆ ಕಾಪಿ ಆರಿದರೂ ಮುಗಿಯದು.

ಮುಗಿಯುವುದಾದರೂ ಹೇಗೆ? ತಲೆಮಾರುಗಳಿಂದ ಅಲ್ಲೇ ನೆಲೆಸಿದ ಕನ್ನಡದ ನೇಕಾರರು ಅವರು; ಗೋವಿಂದಸಾಮಿ ತೀರಿಹೋದ ಮೇಲೆ ಆ ಮನೆಯಲ್ಲಿ ಕನ್ನಡದ ಸದ್ದೇ ಇರಲಿಲ್ಲ. ಮಕ್ಕಳಿಲ್ಲ. ಅಂಗಡಿಯಲ್ಲಿ ತಮಿಳು, ಪಕ್ಕದ ಮನೆಯಲ್ಲಿ ತಮಿಳು, ತಮ್ಮನ ಮಕ್ಕಳ ಬಾಯಲ್ಲೂ ತಮಿಳು. ಕನಸಿನಲ್ಲಿ ಮಾತ್ರ ತನ್ನ ಮಾತು ಎಂದು ಒಮ್ಮೆ ದಿವಾಕರನಿಗೆ ಹೇಳಿದ್ದಳು. ಅವನೂ ಒಂಟಿಯೇ, ಇಡೀ ದಿನ ಯಂತ್ರಗಳ ಗದ್ದಲ ಕೇಳಿ, ಸಂಜೆ ಒಂದು ತಟ್ಟೆ ತೊಳೆದಿಟ್ಟು ಮಲಗುವವನು.

ಮೊದಮೊದಲು ವಾರಕ್ಕೊಮ್ಮೆ ಬರುತ್ತಿದ್ದ ವ್ಯಾನ್ ಬರಬರುತ್ತಾ ಎರಡು ದಿನಕ್ಕೊಮ್ಮೆ ಬರತೊಡಗಿತು.

“ಯಾಕೋ ಬೇಗ ತುಂಬ್ತಿದೆ ಅಕ್ಕಾ. ಫ್ಲಶ್ ಕೆಟ್ಟಿರ್ಬೇಕು,” ಎಂದಿದ್ದ ದಿವಾಕರ್.

“ಬರೋದು ಬಾ. ಗುಂಡಿಗೇನು ಕೊರತೆ?” ಎಂದಿದ್ದಳು ನಾಚಿಯಮ್ಮ.

ಗುಂಡಿಗೂ ಜಾಗದ ಕೊರತೆಯಾಯಿತು. ಉಕ್ಕಿ ಪಕ್ಕದ ಮನೆಯ ಗೋಕಿಲಾಳ ಬಾಗಿಲವರೆಗೆ ಹರಿಯಿತು. ಸೆಪ್ಟಿಕ್ ಲಾರಿ ಬಂದು ಹೀರಿಕೊಂಡು ಹೋದರೂ ಗೋಕಿಲಾಳ ಬಾಯಿ ಬತ್ತಲಿಲ್ಲ. ಒಬ್ಬ ಮನುಷ್ಯನ ಹೊಲಸಾ ಇದು? ಒಳಗೆ ಯಾವಳನ್ನೋ ಬಚ್ಚಿಟ್ಟಿದ್ದಾನೆ. ಇಲ್ಲವೇ ಬೇರೇನೋ ಇದೆ, ವಿಧವೆಯ ಮನೆಗೆ ಗಂಡಸು ಸುಮ್ಮನೆ ಬರುತ್ತಾನಾ? ಕಡ್ಡಿ ಗುಡ್ಡವಾಗಿ ತಿರುಪ್ಪೂರಿನಲ್ಲಿದ್ದ ನಾಚಿಯಮ್ಮನ ತಮ್ಮ ಮೋಹನ್‌ರಾಜನ ಕಿವಿ ಮುಟ್ಟಿತು. ಅವನು ಬಂದವನೇ ಅಕ್ಕನಿಗೆ ಒಂದು ಮಾತು ಹೇಳಿದ್ದ. ನಿನ್ನ ಕಡೆ ಎಳ್ಳಷ್ಟು ತಪ್ಪು ಕಂಡರೂ ಈ ಮನೆಗೆ ಬೀಗ. ಇವತ್ತೇ ನನ್ನ ಜೊತೆ ತಿರುಪ್ಪೂರಿಗೆ.

ಹಾಗಾಗಿ ಈಗ ನಾಚಿಯಮ್ಮ ಹಿತ್ತಿಲ ಬಾಗಿಲನ್ನು ಹಿಡಿದುಕೊಂಡು ನಿಂತಿದ್ದಳು. ಗೋಕಿಲಾ ಗೋಡೆಗೆ ಮೊಣಕೈ ಊರಿದ್ದಳು.

“ಒಳಗ ಯಾರೂ ಇಲ್ಲ,” ಎಂದ ಮೋಹನ್‌ರಾಜ್ ವ್ಯಾನಿನಿಂದ ಇಳಿದು. “ಸರಿ, ಟ್ಯಾಂಕ್ ತೆಗಿ. ನನ್ ಕಣ್ ಮುಂದೆ.”

ದಿವಾಕರ್ ಪೈಪು ಜೋಡಿಸಿ ವಾಲ್ವು ತಿರುಗಿಸಿದ. ಮೋಹನ್‌ರಾಜ್ ಕರವಸ್ತ್ರದಿಂದ ಮೂಗು ಮುಚ್ಚಿ, ಯಾವಾಗಲೂ ಗುಂಡಿಯೊಳಗೆ ಇಳಿದಿರುತ್ತಿದ್ದ ಪೈಪಿನ ತುದಿಯನ್ನು ಮೇಲೆತ್ತಿ ಹಿಡಿದ. ಒಂದಿಷ್ಟು ಹೊಲಸು ಬಂತು. ಆಮೇಲೆ ಬಂದದ್ದು ನೀರು. ಬರೀ ನೀರು. ಬಹಳ ಹೊತ್ತು ಬಂತು. ಮೋಹನ್‌ರಾಜ್ ಕರವಸ್ತ್ರ ಕೆಳಗಿಳಿಸಿದ.

“ಏನಿದು?”

ದಿವಾಕರ್ ನೀರನ್ನೇ ನೋಡುತ್ತಿದ್ದ. ಒಂದು ಸಲ ನಾಚಿಯಮ್ಮನನ್ನು ನೋಡಿದ. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಅವನು ತಲೆ ತಗ್ಗಿಸಿದ.

“ನಾನೇ ತುಂಬಿಸ್ಕೊಂಡು ಬರ್ತಿದ್ದೆ. ಗಿರಣಿ ನಲ್ಲಿಯಿಂದ,” ಎಂದ. “ಟ್ಯಾಂಕ್ ತುಂಬದೆ ಇಲ್ಲಿಗೆ ಬರೋಕೆ ನೆಪ ಇರ್ಲಿಲ್ಲ. ಕನ್ನಡದಲ್ಲಿ ಎರಡು ಮಾತಾಡೋಕೆ ಈ ಊರಲ್ಲಿ ನನಗೆ ಬೇರೆ ಯಾರೂ ಇಲ್ಲ. ಅಕ್ಕನಿಗೆ ಏನೂ ಗೊತ್ತಿಲ್ಲ.”

ಮೋಹನ್‌ರಾಜನ ಸಿಟ್ಟಿಗೆ ಕೂರಲು ಜಾಗ ಸಿಗಲಿಲ್ಲ. ಹೊಡೆಯಲು ಬಂದವನು, ಹೊಡೆಯಲು ಇಲ್ಲಿ ಏನಿದೆ?

“ಪೈತ್ಯವಾ, ಹುಚ್ಚಾ ನಿನಗೆ?” ಎಂದ ಕೊನೆಗೆ. “ಗಂಡಸಿಲ್ಲದ ಮನೆ ಇದು. ಇನ್ಮೇಲೆ ನಿನ್ ವಂಡಿ ಈ ಬೀದಿಗೆ ತಿರುಗಬಾರ್ದು.” ಅಕ್ಕನ ಕಡೆ ತಿರುಗಿದಾಗ ದನಿ ಇಳಿದಿತ್ತು. “ನಿನ್ ಮೇಲೆ ತಪ್ಪಿಲ್ಲ ಅಕ್ಕಾ. ನೀ ಇಲ್ಲೇ ಇರು.”

ಗೋಕಿಲಾ ಉಂಡೂಟ ಅರಗದವಳಂತೆ ಒಳಗೆ ಹೋದಳು. ಮೋಹನ್‌ರಾಜ್ ಗುಂಡಿಯ ಚಪ್ಪಡಿ ಎಳೆದು ಮುಚ್ಚತೊಡಗಿದ. ದಿವಾಕರ್ ಪೈಪು ಸುತ್ತಿಟ್ಟು, ಕಾಪಿ ಕುಡಿಯದೆ, ವ್ಯಾನ್ ಹತ್ತಿದ.

ಗೇಟು ತೆರೆಯಲು ನಾಚಿಯಮ್ಮನೇ ಬಂದಳು. ತೆರೆದವಳು ಡ್ರೈವರ್ ಕಿಟಕಿಯ ಬಳಿ ನಿಂತಳು. ಅಳುತ್ತಿದ್ದಳು.

“ಯಾಕೆ ತಂಬಿ ಸುಳ್ಳು ಹೇಳ್ದೆ?” ಎಂದಳು ಮೆಲ್ಲಗೆ. “ನೀ ಒಳಗ ಕೂತು ಕಾಪಿ ಕುಡಿವಾಗೆಲ್ಲ ಟ್ಯಾಂಕಿಗೆ ನೀರು ಬಿಟ್ಟೋಳು ನಾನಲ್ವಾ.”