ನಾಡಿದ್ದು ಬಯಲಾಗುವ ಜಾಗ

ಯಾವ ಮನೆಗೆ ಯಾವತ್ತು ಬೆಂಕಿ ಬೀಳುತ್ತದೆಂಬುದು ಆ ಊರಿನ ಪಂಚಾಂಗದಲ್ಲೇ ಅಚ್ಚಾಗುತ್ತಿತ್ತು. ಆ ದಿನ ಸ್ವಯಂಸೇವಕರ ಅಗ್ನಿಶಾಮಕ ದಳ ಮೊದಲೇ ಬಂದು ಅಂಗಳದಲ್ಲಿ ಕಾದು ನಿಲ್ಲುವುದು ವಾಡಿಕೆ.

ದಳದ ಹೊಸ ಠಾಣೆಗೆ ನಕ್ಷೆ ಬರೆಯುತ್ತಿದ್ದ ಎಂಜಿನಿಯರ್ ವಿಮಲಾಕ್ಷಿ, ನಾಡಿದ್ದು ಉರಿಯಬೇಕಿದ್ದ ಗಂಗವ್ವನ ಮನೆಯನ್ನು ಟೇಪು ಹಿಡಿದು ಅಳೆಯುತ್ತಿದ್ದಳು. ಎರಡು ಕಡೆ ರಸ್ತೆ, ನಡು ಊರು. ಸುಟ್ಟು ಬಯಲಾದರೆ ಠಾಣೆಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು?

ನೀರಿನ ಪೈಪಿನ ಉದ್ದ ನೋಡಲು ಬಂದಿದ್ದಾಳೆ ಅಂದುಕೊಂಡ ಗಂಗವ್ವ ಚಹಾ ಕೊಟ್ಟಳು. ವಿಮಲಾಕ್ಷಿ ಅದನ್ನು ಕುಡಿಯುತ್ತಲೇ, ನಕ್ಷೆಯಲ್ಲಿ ಅಡುಗೆಮನೆ ಇದ್ದ ಕಡೆ ‘ಪಂಪಿನ ಕೋಣೆ’ ಎಂದು ಬರೆದಳು.

“ನಾಡಿದ್ದು ದಳದ ಹುಡುಗ್ರೆಲ್ಲಾ ಬರ್ತಾರಲ್ಲ ತಂಗಿ?” ಗಂಗವ್ವ ಕೇಳಿದಳು.

“ಒಬ್ರೂ ತಪ್ಪಸಂಗಿಲ್ಲ ಬಿಡವ್ವಾ,” ವಿಮಲಾಕ್ಷಿ ಕಪ್ಪು ಕೆಳಗಿಟ್ಟಳು. “ಆಜೂಬಾಜೂ ಮನಿಗೆ ಬೆಂಕಿ ಹತ್ತಬಾರ್ದಲ್ಲ.”