ಎರಡು ಕಿಲೋ ಬೆಕ್ಕು

ಬಾಗಿಲು ತೆರೆದಿಟ್ಟು ಪೇಪರ್ ತರಲು ಹೋದ ಅರ್ಧ ನಿಮಿಷದಲ್ಲಿ ಬೆಕ್ಕು ಮಾಯವಾಗಿತ್ತು. ಸಿಂಗಪುರ ತಳಿಯದು, ಪೂರ್ತಿ ಬೆಳೆದಿದ್ದರೂ ಎರಡು ಕಿಲೋ ದಾಟಿರಲಿಲ್ಲ; ಚರಂಡಿ, ಪೈಪು, ಎಲ್ಲಿ ಬೇಕಾದರೂ ತೂರೀತು. ರೆಜಿನಾ ಬೀದಿಯುದ್ದಕ್ಕೂ ಮಂಡಿಯೂರಿ ಹುಡುಕಿ ಸೋತಳು. ಹೋಂ ನರ್ಸ್ ಆಗಿ ಈ ಮನೆಗೆ ಬಂದು ಎರಡೇ ದಿನ. ವಿಷಯ ತಿಳಿದರೆ ಈ ಕೆಲಸವೂ ಹೋದ ಹಾಗೆಯೇ.

“ನನ್ನ ಸಾಸಿವೆ ಎಲ್ಲೇ?” ಬೆಕ್ಕಿನ ಹೆಸರು ಹಿಡಿದು ಕೇಳಿದರು ಕಣ್ಣು ಕಾಣದ ಅಜ್ಜಿ.

“ಇಲ್ಲೇ ಇದೆ ಅಮ್ಮ, ನನ್ನ ಕಾಲ ಹತ್ರ.” ಬೇರೆ ದಾರಿ ತೋಚದೆ ಮೂಗು ಹಿಡಿದುಕೊಂಡು ಸಣ್ಣಗೆ ಕೂಗಿದಳು, “ಮಿಯಾಂವ್.”

“ಹಸಿವಾ ಅದಕ್ಕೆ?”

ಹಸಿದ ಬೆಕ್ಕಿನಂತೆ ರಾಗ ಎಳೆದಳು.

“ಸಿಟ್ಟಾ ನನ್ ಮೇಲೆ?”

ಗುರ್ರೆಂದು, ಸಾಲದೆಂದು ಉಗುರಿನಿಂದ ಬಾಗಿಲನ್ನೂ ಕೆರೆದಳು. ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು.

ಅಜ್ಜಿ ತಡಕಾಡಿ ಕೋಲು ಹಿಡಿದು ಎದ್ದರು. “ನಡಿ, ಇಬ್ರೂ ಹೋಗಿ ಹುಡುಕೋಣ.”

“ಯಾಕಮ್ಮ? ಇಲ್ಲೇ ಕೂಗ್ತಾ ಇದೆಯಲ್ಲ.”

“ಚೆನ್ನಾಗೇ ಕೂಗ್ತು ಮಗಳೇ. ಆದ್ರೆ ನಮ್ ಸಾಸಿವೆ ಆರು ವರ್ಷದಲ್ಲಿ ಒಂದ್ಸಲಾನೂ ಬಾಯಿ ಬಿಟ್ಟಿಲ್ಲ.”