ಮನೆಯ ಕೂಗು

ಹಾಸಿಗೆ ಹಿಡಿದ ಅಕ್ಕ ಇವತ್ತಿನ ದಿನ ದಾಟುವುದಿಲ್ಲ ಎಂಬ ಸುದ್ದಿ ಸಿಕ್ಕಿ ಕಾದಂಬರಿಕಾರ ಹನ್ನೆರಡು ವರ್ಷಗಳ ಮೇಲೆ ಹೊಳೆಯ ದಡಕ್ಕೆ ಓಡಿಬಂದ. ಎದುರಿಗೆ ಅವನು ಹುಟ್ಟಿ ಬೆಳೆದ ಕುದ್ರು, ನೀರಿನ ನಡುವೆ ಐದೇ ಮನೆಗಳ ನೆಲ. ಅಲ್ಲಿ ಫೋನು ಸಿಗುವುದಿಲ್ಲ. ಇರುವುದು ಬಚ್ಚನದೊಂದೇ ದೋಣಿ. ಅದನ್ನು ಕರೆಯಲು ಮನೆಗೊಂದು ಕೂಗು. ಅವನ ಮನೆಯದು ಎರಡು ಗಿಡ್ಡ, ಒಂದು ಉದ್ದ. ಎಲ್ಲಿ ಉಸಿರು ಎಳೆಯಬೇಕು ಎಂಬುದನ್ನೂ ಬಿಡದೆ ಅದನ್ನು ಮೊದಲ ಕಾದಂಬರಿಯಲ್ಲಿ ಬರೆದಿದ್ದ.

ಕೂಗಿದ. ಆಚೆ ದಡದಲ್ಲಿ ಬಲೆ ಹೆಣೆಯುತ್ತಿದ್ದ ಬಚ್ಚ ತಲೆ ಎತ್ತಲಿಲ್ಲ. ಗಂಟಲು ಹರಿಯುವ ಹಾಗೆ ಮತ್ತೆ ಮತ್ತೆ ಕೂಗಿದ.

"ಅವ್ನಿಗೆ ಕಿವಿ ಕೇಂಬುದಿಲ್ಯಾ?" ಎಂದು ಪಕ್ಕದಲ್ಲಿ ಚಿಪ್ಪು ಆರಿಸುತ್ತಿದ್ದ ಹೆಂಗಸನ್ನು ಕೇಳಿದ.

"ಕಿವಿ ಸಮಾ ಇತ್ತ್. ಯಾವ್ದೋ ಪುಸ್ತಕ ಓದಿದವ್ರ್ ದಿನಾ ಬಂದ್ ಹೀಂಗೇ ಕೂಗಿ, ಫೋಟೋ ತೆಗ್ದ್ ಹೋತ್ರ್. ಅದ್ಕೇ ಕುದ್ರಿನವ್ರ್ ಕೂಗ್ ಬದ್ಲ್ ಮಾಡ್ಕಂಡಿರ್."

"ಹೊಸ ಕೂಗ್ ಹ್ಯಾಂಗೆ, ಹೇಳಿ. ನಾ ಆ ಮನಿಯವ್ನೇ. ನನ್ನಕ್ಕ ಅಲ್ಲಿ ಸಾಯ್ತಾ ಇದ್ಲ್."

ಹೆಂಗಸು ನಕ್ಕಳು. "ಬಂದವ್ರೆಲ್ಲ ಹಾಂಗೇ ಹೇಳ್ತ್ರ್ ಮಾರಾಯ್ರೆ. ಅದೂ ಆ ಪುಸ್ತಕದಲ್ಲೇ ಇತ್ತಂಬ್ರ್."